ಸ್ಪಂಜಿನ ದ್ವೀಪದಲ್ಲಿ ಎಂಟು ದಿನ

(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಮಾತನಾಡುವ ಯೋಗ್ಯತೆ ನನಗುಂಟೆಂದು ನಾನು ತಿಳಿದವನಲ್ಲ. ನಾನು ಸಾಹಿತಿಯಲ್ಲ, ಪಂಡಿತನೂ ಅಲ್ಲ. ಮೂವತ್ತನಾಲ್ಕು ವರ್ಷ ಇದೇ ಮುಂಬಯಿಯ ಒಂದು ಬ್ಯಾಂಕಿನಲ್ಲಿ ಗಾಜಿನ ಕಿಟಕಿಯ ಹಿಂದೆ ಕುಳಿತು ಬೇರೆಯವರ ಹಣ ಎಣಿಸಿ ನಿವೃತ್ತನಾದ ಗುಮಾಸ್ತ. "ವಿದೇಶಕ್ಕೆ ಹೋಗಿ ಬಂದಿರಲ್ಲ, ಕಂಡದ್ದನ್ನು ನಾಲ್ಕು ಜನರಿಗೆ ಹೇಳಿ" ಎಂದು ಕಾರ್ಯದರ್ಶಿಗಳು ಬೆನ್ನು ಹತ್ತಿದ್ದರಿಂದ ಒಪ್ಪಿಕೊಂಡೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ತಪ್ಪಿದ್ದರೆ ತಾವು ತಿದ್ದಬೇಕು.

ಮೊದಲು ಒಂದು ಸಣ್ಣ ವಸ್ತುವಿನ ಮಾತು. ನಿಮ್ಮಲ್ಲಿ ಬ್ಯಾಂಕು, ಅಂಚೆ ಕಚೇರಿಗಳಲ್ಲಿ ಕೆಲಸ ಮಾಡಿದವರು ಅನೇಕರಿದ್ದೀರಿ. ನೋಟು ಎಣಿಸುವವನ ಬಲಗೈಯ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ನೀರು ಹೀರಿ ಕುಳಿತ ಒಂದು ಸ್ಪಂಜು ಇರುತ್ತಿತ್ತು. ಎಣಿಸುವ ಯಂತ್ರ ಬರುವ ತನಕ ನನ್ನ ಹೆಬ್ಬೆರಳು ದಿನಕ್ಕೆ ಎಷ್ಟು ಸಾವಿರ ಸಲ ಅದನ್ನು ಮುಟ್ಟಿತೋ ಲೆಕ್ಕವಿಲ್ಲ. ನಮ್ಮ ಬಟ್ಟಲಿನದು ಕಾರ್ಖಾನೆಯಲ್ಲಿ ಮಾಡಿದ್ದು. ಆದರೆ ಸ್ಪಂಜು ಎಂಬ ಹೆಸರು ಹೊತ್ತ ಮೂಲ ವಸ್ತು ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಒಂದು ಪ್ರಾಣಿ. ಅದನ್ನು ಕೀಳಲು ಮನುಷ್ಯ ನೀರಿನಡಿಗೆ ಇಳಿಯಬೇಕು. ಹಾಗೆ ಇಳಿಯುವುದನ್ನೇ ತಲೆತಲಾಂತರದಿಂದ ಹೊಟ್ಟೆಪಾಡು ಮಾಡಿಕೊಂಡ ಒಂದು ದ್ವೀಪವಿದೆ ಎಂಬುದು ನನಗೆ ಅರುವತ್ತು ದಾಟಿದ ಮೇಲೆ ತಿಳಿಯಿತು. ಆ ದ್ವೀಪದ ಹೆಸರು ಕಾಲಿಮ್ನೋಸ್.

ನಾನಾಗಿ ಹುಡುಕಿಕೊಂಡು ಹೋದವನಲ್ಲ. ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಮಗಳಿಗೆ ನೀರಿನಲ್ಲಿ ಮುಳುಗುವ ಹವ್ಯಾಸ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವುದನ್ನು ಕಲಿತು ಸರ್ಟಿಫಿಕೇಟು ಪಡೆದಿದ್ದಾಳೆ. ಐದು ವರ್ಷ ಹಣ ಕೂಡಿಟ್ಟು, "ಅಪ್ಪಯ್ಯ, ಮೆಡಿಟರೇನಿಯನ್ ಸಮುದ್ರ ಒಮ್ಮೆ ನೋಡಿ ಬರುವ, ನೀವೂ ಬನ್ನಿ" ಎಂದಳು. ಕುಂದಾಪುರದ ಕಡಲ ದಡದಲ್ಲಿ ಹುಟ್ಟಿಯೂ ಸೊಂಟದ ಮಟ್ಟಕ್ಕಿಂತ ಆಳಕ್ಕೆ ಇಳಿಯದವನು ನಾನು. ದೋಣಿಯಲ್ಲಿ ಕುಳಿತಿರಬಹುದಲ್ಲ ಎಂದು ಹೊರಟೆ.

ದ್ವೀಪ ಎಲ್ಲಿದೆಯೆಂದು ಹೇಳಿಬಿಡುತ್ತೇನೆ. ಗ್ರೀಸ್ ದೇಶಕ್ಕೆ ಸೇರಿದ್ದಾದರೂ ಅದು ಇರುವುದು ತುರ್ಕಿಯ ತೀರದ ಹತ್ತಿರ. ಅಲ್ಲಿಯ ದ್ವೀಪಗಳ ಗುಂಪಿಗೆ ದೊಡೆಕಾನೀಸ್, ಎಂದರೆ ಹನ್ನೆರಡು ದ್ವೀಪಗಳು, ಎಂದು ಹೆಸರು. 1912ರ ತನಕ ಅವು ತುರ್ಕರ ಕೈಯಲ್ಲಿದ್ದವು. ಅನಂತರ ಇಟಲಿಯವರು ಬಂದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು, ಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲ ಬ್ರಿಟಿಷರು. ಗ್ರೀಸಿಗೆ ಸೇರಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ. ಕಾಲಿಮ್ನೋಸ್‌ನ ವಿಸ್ತೀರ್ಣ ಸುಮಾರು 110 ಚದರ ಕಿಲೋಮೀಟರು, ಜನಸಂಖ್ಯೆ 16–17 ಸಾವಿರ. ಅಥೆನ್ಸಿನ ಬಂದರಾದ ಪಿರೇಯಸ್‌ನಿಂದ ರಾತ್ರಿಯಿಡೀ ಹಡಗಿನಲ್ಲಿ ಬರಬಹುದು. ಇಲ್ಲವೆ ನೆರೆಯ ಕೋಸ್ ದ್ವೀಪಕ್ಕೆ ವಿಮಾನದಲ್ಲಿ ಬಂದು, ಅಲ್ಲಿಂದ ಮುಕ್ಕಾಲು ಗಂಟೆ ದೋಣಿಯಲ್ಲಿ ದಾಟಬಹುದು. ನಾವು ರಾತ್ರಿಯ ಹಡಗಿನಲ್ಲಿ ಬಂದೆವು. ಬೆಳಕು ಹರಿದಾಗ ಎದುರಿಗೆ ಕಂಡದ್ದು ಬರಿ ಬಂಡೆ. ಬೂದಿ ಬಣ್ಣದ ಬೋಳು ಬೆಟ್ಟಗಳು, ಅವುಗಳ ಬುಡದಲ್ಲಿ ಬಂದರಿನ ಸುತ್ತ ಬೆಂಕಿಪೆಟ್ಟಿಗೆಗಳನ್ನು ಜೋಡಿಸಿಟ್ಟಂತೆ ಬಿಳಿ, ನೀಲಿ, ಹಳದಿ ಮನೆಗಳು. ಅದೇ ಪೋಥಿಯಾ, ದ್ವೀಪದ ಮುಖ್ಯ ಪಟ್ಟಣ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಈ ಬೆಟ್ಟ ದೂರಕ್ಕೂ ನುಣ್ಣಗಿಲ್ಲ. ಹೊಲಗದ್ದೆಗೆ ಜಾಗವೇ ಕಡಿಮೆ. ಪೂರ್ವಕ್ಕೆ ವಾಥಿ ಎಂಬಲ್ಲಿ ಸಮುದ್ರ ಎರಡು ಬೆಟ್ಟಗಳ ನಡುವೆ ಓಣಿಯಂತೆ ಒಳನುಗ್ಗಿದೆ. ಅದರ ಹಿಂದಿನ ಕಣಿವೆಯಲ್ಲಿ ಮಾತ್ರ ಕಿತ್ತಳೆ, ನಿಂಬೆಯ ತೋಟಗಳಿವೆ. ಉಳಿದ ಕಡೆ ಕಲ್ಲು, ಮುಳ್ಳುಗಿಡ, ಮೇಕೆ. ಈ ನೆಲವನ್ನು ಕಂಡಾಗಲೇ ಇಲ್ಲಿಯ ಜನ ನೀರಿನತ್ತ ಏಕೆ ತಿರುಗಿದರೆಂಬುದು ತಿಳಿಯುತ್ತದೆ. ನಮ್ಮ ಊರುಗಳಿಂದ ಜನ ಮುಂಬಯಿಗೆ ಬಂದದ್ದೂ ಇಂಥ ಲೆಕ್ಕದಿಂದಲೇ ಅಲ್ಲವೆ?

ನಾವು ಇಳಿದುಕೊಂಡದ್ದು ಪಶ್ಚಿಮ ತೀರದ ಮಿರ್ತಿಯೆಸ್ ಎಂಬ ಹಳ್ಳಿಯಲ್ಲಿ, ಒಬ್ಬ ವಿಧವೆಯ ಮನೆಯ ಮಾಳಿಗೆಯ ಕೋಣೆಯಲ್ಲಿ. ಪಕ್ಕದಲ್ಲೇ ಮಾಸೂರಿ, ಸ್ವಲ್ಪ ದಕ್ಷಿಣಕ್ಕೆ ಕಾಂತೂನಿ. ಕಾಂತೂನಿಯಲ್ಲಿ ಮರಳಿದೆ. ಉಳಿದವು ಬಹುಮಟ್ಟಿಗೆ ಉರುಟು ಕಲ್ಲಿನ ದಡಗಳು. ನಮ್ಮ ಮಲ್ಪೆ, ಮರವಂತೆಗಳ ಉದ್ದನೆಯ ಮರಳು ದಂಡೆಯನ್ನು ಅಲ್ಲಿ ನಿರೀಕ್ಷಿಸಬಾರದು. ಆದರೆ ನೀರಿನ ತಿಳಿ ಎಂಥದೆಂದರೆ, ಎದೆಯ ಮಟ್ಟದ ನೀರಿನಲ್ಲಿ ನಿಂತು ಕಾಲಬೆರಳಿನ ಉಗುರು ನೋಡಬಹುದು. ದೊಡ್ಡ ನದಿಗಳಿಲ್ಲ, ಕೆಸರು ಹೊತ್ತು ತರುವ ಮಳೆಗಾಲವಿಲ್ಲ. ಆದುದರಿಂದ ಆ ತಿಳಿ. ಎದುರಿಗೆ ತೆಲೆಂದೋಸ್ ಎಂಬ ಪುಟ್ಟ ದ್ವೀಪ. ಕ್ರಿ. ಶ. 554ರ ಭೂಕಂಪದಲ್ಲಿ ಅದು ಕಾಲಿಮ್ನೋಸ್‌ನಿಂದ ಬೇರ್ಪಟ್ಟಿತೆಂದು ಹೇಳುತ್ತಾರೆ. ದೋಣಿಯಲ್ಲಿ ಹತ್ತು ನಿಮಿಷದ ದಾರಿ. ಅಲ್ಲಿ ಮೋಟಾರು ಕಾರುಗಳಿಲ್ಲ. ಸಂಜೆ ಸೂರ್ಯ ಅದರ ಬೆನ್ನ ಹಿಂದೆ ಇಳಿಯುವಾಗ ಮಾತನಾಡಬೇಕೆಂದು ತೋರುವುದಿಲ್ಲ.

ಮೂರನೆಯ ದಿನ ಮಳೆ ಹನಿಯಿತೆಂದು ಪೋಥಿಯಾಕ್ಕೆ ಹೋದೆವು. ಬಂದರಿನ ಬೀದಿಯಲ್ಲಿ ಸ್ಪಂಜಿನ ಅಂಗಡಿಗಳಿವೆ. ಒಂದರೊಳಗೆ ಎಂಬತ್ತು ದಾಟಿದ ಮುದುಕರೊಬ್ಬರು ದೊಡ್ಡ ಕತ್ತರಿ ಹಿಡಿದು ಸ್ಪಂಜಿನ ಅಂಚು ಸವರುತ್ತ ಕುಳಿತಿದ್ದರು. ಅವರ ಮೊಮ್ಮಗಳಿಗೆ ಇಂಗ್ಲಿಷು ಬರುತ್ತಿತ್ತು. ಬ್ಯಾಂಕಿನ ಬಟ್ಟಲಿನ ಕಥೆ ಹೇಳಿದೆ. ಮುದುಕರು ನಕ್ಕು ಕುರ್ಚಿ ಎಳೆದರು. ಅವರ ತಂದೆ, ತಂದೆಯ ತಂದೆ ಎಲ್ಲರೂ ಮುಳುಗುವವರೇ. ಅವರಿಂದ ಕೇಳಿದ್ದು, ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಕಂಡದ್ದು, ಆಮೇಲೆ ಓದಿದ್ದು ಇವನ್ನೆಲ್ಲ ಸೇರಿಸಿ ಹೇಳುತ್ತೇನೆ.

ಸ್ಪಂಜಿಗೆ ಕಣ್ಣಿಲ್ಲ, ಬಾಯಿಲ್ಲ, ಕಾಲಿಲ್ಲ. ಮೈತುಂಬ ತೂತುಗಳು. ನೀರನ್ನು ಎಳೆದುಕೊಂಡು, ಅದರಲ್ಲಿಯ ಸೂಕ್ಷ್ಮ ಆಹಾರವನ್ನು ಸೋಸಿ ಬದುಕುತ್ತದೆ. ಕಿತ್ತಾಗ ಕಪ್ಪು ಚರ್ಮ, ಕೆಟ್ಟ ವಾಸನೆ. ದೋಣಿಯ ಅಟ್ಟದ ಮೇಲೆ ಕಾಲಿನಿಂದ ತುಳಿದು, ಮತ್ತೆ ಮತ್ತೆ ತೊಳೆದು, ಒಳಗಿನ ಹಾಲಿನಂಥ ರಸವನ್ನೆಲ್ಲ ತೆಗೆದ ಮೇಲೆ ಉಳಿಯುವ ಮೃದುವಾದ ಅಸ್ಥಿಪಂಜರವೇ ನಾವು ಸ್ಪಂಜು ಎನ್ನುವುದು. ಹೋಮರನ ಕಾವ್ಯಗಳಲ್ಲೇ ಊಟದ ಮೇಜನ್ನು ಸ್ಪಂಜಿನಿಂದ ಒರೆಸುವ ಮಾತಿದೆ.

ಹಳೆಯ ಕಾಲದ ಕ್ರಮ ಹೀಗೆ. ತಳಕ್ಕೆ ಗಾಜು ಕೂರಿಸಿದ ಡಬ್ಬಿಯನ್ನು ನೀರಿನ ಮೇಲಿಟ್ಟು, ದೋಣಿಯಿಂದಲೇ ತಳವನ್ನು ನೋಡಿ ಸ್ಪಂಜು ಗುರುತಿಸುವರು. ಆಮೇಲೆ ಬರಿಮೈಯ ಮನುಷ್ಯನೊಬ್ಬ, ಹತ್ತು ಹನ್ನೆರಡು ಕಿಲೋ ತೂಕದ ಚಪ್ಪಟೆ ಕಲ್ಲನ್ನು ಎರಡು ಕೈಗಳಲ್ಲಿ ಮುಂದಕ್ಕೆ ಚಾಚಿ ಹಿಡಿದು, ಒಂದೇ ಉಸಿರಿಗೆ ನೀರಿಗೆ ಬೀಳುವನು. ಕಲ್ಲು ಅವನನ್ನು ತಳಕ್ಕೆ ಒಯ್ಯುವುದು. ಸ್ಪಂಜು ಕಿತ್ತು ಬಲೆಚೀಲಕ್ಕೆ ಹಾಕಿ ಹಗ್ಗ ಜಗ್ಗಿದರೆ ಮೇಲಿದ್ದವನು ಎಳೆದುಕೊಳ್ಳುವನು. ಆ ಕಲ್ಲಿಗೆ ಸ್ಕಂದಲೋಪೆತ್ರಾ ಎಂದು ಹೆಸರು. 1913ರಲ್ಲಿ ನೆರೆಯ ಸಿಮಿ ದ್ವೀಪದ ಒಬ್ಬ ಮುಳುಗುಗಾರ ಇಟಲಿಯ ಯುದ್ಧನೌಕೆಯೊಂದರ ಕಳೆದುಹೋದ ಲಂಗರನ್ನು 70 ಮೀಟರಿಗೂ ಹೆಚ್ಚಿನ ಆಳದಲ್ಲಿ ಹೀಗೆಯೇ ಹುಡುಕಿ ಹಗ್ಗ ಕಟ್ಟಿ ಬಂದನು. ಕಷ್ಟದ ಕೆಲಸ, ಅಪಾಯದ ಕೆಲಸ. ಆದರೂ ಒಂದೇ ಉಸಿರಿನ ಕೆಲಸವಾದ್ದರಿಂದ ಅದಕ್ಕೊಂದು ಮಿತಿಯಿತ್ತು. ಉಸಿರು ಮುಗಿಯುವ ಮೊದಲು ಮನುಷ್ಯ ಮೇಲಕ್ಕೆ ಬರಲೇಬೇಕು.

ಆ ಮಿತಿಯನ್ನು ತೆಗೆದದ್ದು ಯಂತ್ರ. ಇಂಗ್ಲೆಂಡಿನಲ್ಲಿ 1837ರಲ್ಲಿ ಆಗಸ್ಟಸ್ ಸೀಬೆ ಎಂಬವರು ರೂಪಿಸಿದ ಮುಳುಗು ಉಡುಪು 1860ರ ದಶಕದಲ್ಲಿ ಈ ದ್ವೀಪಗಳಿಗೆ ಬಂತು. ತಾಮ್ರದ ಶಿರಸ್ತ್ರಾಣ, ರಬ್ಬರು ಬಟ್ಟೆಯ ಅಂಗಿ, ಸೀಸದ ಭಾರ. ದೋಣಿಯ ಮೇಲೆ ಪಂಪಿನ ಚಕ್ರ ತಿರುಗಿಸುತ್ತಿದ್ದರೆ ಕೊಳವೆಯ ಮೂಲಕ ಗಾಳಿ ಕೆಳಗಿಳಿಯುತ್ತದೆ. ಒಂದು ಉಸಿರಿನ ಕೆಲಸ ಈಗ ಗಂಟೆಯ ಕೆಲಸವಾಯಿತು. ಸ್ಪಂಜು ರಾಶಿ ರಾಶಿ ಬಂತು. ವ್ಯಾಪಾರಿಗಳು ಮಹಡಿ ಮನೆ ಕಟ್ಟಿದರು. ದೋಣಿಗಳು ಲಿಬಿಯಾ, ಟ್ಯುನೀಸಿಯಾ, ಈಜಿಪ್ಟುಗಳ ತೀರಕ್ಕೆ ಹೋಗತೊಡಗಿದವು. ಅವುಗಳ ಜೊತೆಯಲ್ಲೇ ಇನ್ನೊಂದು ಸಂಗತಿಯೂ ಬಂತು. ಮೇಲಕ್ಕೆ ಬಂದು ಶಿರಸ್ತ್ರಾಣ ತೆಗೆದು ಬೀಡಿ ಹಚ್ಚಿದವನು ಐದು ಹತ್ತು ನಿಮಿಷದಲ್ಲಿ ಕುಸಿದು ಬೀಳುವನು. ಕೆಲವರು ಸತ್ತರು. ಕೆಲವರಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಇಪ್ಪತ್ತೈದು ವರ್ಷದ ಗಟ್ಟಿ ಆಳು ಉಳಿದ ಆಯುಷ್ಯವೆಲ್ಲ ಕೋಲೂರಿ ನಡೆಯುವನು.

ಇದಕ್ಕೆ ಕಾರಣವೇನು? ಸೋಡಾ ಬಾಟಲಿಯನ್ನು ನೆನೆಯಿರಿ. ಮುಚ್ಚಳ ಬಿಗಿಯಾಗಿದ್ದಾಗ ಗುಳ್ಳೆ ಕಾಣದು. ಒಮ್ಮೆಲೇ ತೆರೆದರೆ ಬುಸ್ಸೆಂದು ಉಕ್ಕುತ್ತದೆ. ನೀರಿನಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆ ಮೈಮೇಲಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲೂ ಮಾಂಸಖಂಡದಲ್ಲೂ ಕರಗಿ ಕೂಡುತ್ತದೆ. ಮೆಲ್ಲಗೆ ಏರಿದರೆ ಅದು ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಒಮ್ಮೆಲೇ ಏರಿದರೆ ಮೈಯೊಳಗೇ ಗುಳ್ಳೆಗಟ್ಟುತ್ತದೆ. ಗುಳ್ಳೆ ಬೆನ್ನುಹುರಿಯನ್ನು ಕೆಡಿಸಿತೆಂದರೆ ಕಾಲು ಹೋಯಿತು. ಇದನ್ನು ಪಾಲ್ ಬೇರ್ ಎಂಬ ಫ್ರೆಂಚ್ ವಿಜ್ಞಾನಿ 1878ರಲ್ಲಿ ದೊಡ್ಡ ಗ್ರಂಥ ಬರೆದು ತೋರಿಸಿದರು. ಎಷ್ಟು ಆಳದಿಂದ ಬರುವವನು ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ನಿಂತು ಬರಬೇಕೆಂಬ ಕೋಷ್ಟಕವನ್ನು ಜೆ. ಎಸ್. ಹಾಲ್ಡೇನ್ ಎಂಬವರು 1908ರಲ್ಲಿ ಪ್ರಕಟಿಸಿದರು.

ಕಾರಣ ತಿಳಿಯಿತು, ಪರಿಹಾರವೂ ತಿಳಿಯಿತು. ಹಾಗಿದ್ದರೂ ಕಾಲಿಮ್ನೋಸ್‌ನ ಜನ ಆಮೇಲೂ ಬಹಳ ವರ್ಷ ಸತ್ತರು, ಅಂಗವಿಕಲರಾದರು. ನನ್ನ ಭಾಷಣದ ಮುಖ್ಯ ಪ್ರಶ್ನೆ ಇದೇ. ಏಕೆ?

ಮುದುಕರನ್ನು ಕೇಳಿದೆ. ಅವರು ಕತ್ತರಿ ಕೆಳಗಿಟ್ಟು ಒಂದೇ ಶಬ್ದ ಹೇಳಿದರು: "ಪ್ಲಾತಿಕಾ." ಮೊಮ್ಮಗಳು ಅದನ್ನು ಬಿಡಿಸಿ ಹೇಳಿದಳು. ಪ್ಲಾತಿಕಾ ಎಂದರೆ ಮುಂಗಡ.

ವ್ಯವಸ್ಥೆ ಹೀಗಿತ್ತು. ದೋಣಿಗಳು ಈಸ್ಟರ್ ಹಬ್ಬ ಮುಗಿದ ಮೇಲೆ ಹೊರಟು ಚಳಿಗಾಲಕ್ಕೆ ಮೊದಲು ಮರಳುತ್ತಿದ್ದವು. ಹೊರಡುವ ಮೊದಲೇ ಮುಳುಗುಗಾರನಿಗೆ ನಾಯಕನು ದೊಡ್ಡ ಮೊತ್ತ ಕೊಡುತ್ತಿದ್ದನು. ಆರು ತಿಂಗಳು ಮನೆಯಲ್ಲಿಲ್ಲದವನು ಹೆಂಡತಿ ಮಕ್ಕಳಿಗೆ ಅದರಿಂದಲೇ ಬಿಟ್ಟು ಹೋಗಬೇಕು. ಹಳೆಯ ಸಾಲ ತೀರಿಸಬೇಕು. ಮರಳಿ ಬರುವುದು ಖಚಿತವಿಲ್ಲದವನು ಸ್ವಲ್ಪ ಕುಡಿದು ಕುಣಿದು ಖರ್ಚು ಮಾಡಿದರೆ ತಪ್ಪೆನ್ನುವವರು ಯಾರು? ಆಮೇಲೆ ಸಮುದ್ರದಲ್ಲಿ, ಮುಂಗಡ ತೀರುವಷ್ಟು ಸ್ಪಂಜು ತಂದ ಮೇಲಷ್ಟೇ ಅವನಿಗೆ ಗಳಿಕೆ. ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ನಾಯಕನಿಗೂ ವ್ಯಾಪಾರಿಯ ಸಾಲ ಇರುತ್ತಿತ್ತು. ದೋಣಿಯಲ್ಲಿ ಒಂದೇ ಯಂತ್ರ, ಅದರಲ್ಲಿ ಸರದಿಯಂತೆ ಇಳಿಯುವವರು ಹಲವರು. ಒಬ್ಬನನ್ನು ನಡುನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಇನ್ನೊಬ್ಬನ ಸರದಿ ಹೋಯಿತು. ಸಮುದ್ರ ಶಾಂತವಾಗಿರುವ ದಿನಗಳೋ ಎಣಿಕೆಯವು. "ನಿಲ್ಲಬೇಕೆಂದು ನಮ್ಮ ಅಪ್ಪನಿಗೆ ಗೊತ್ತಿತ್ತು. ನಾಯಕನಿಗೂ ಗೊತ್ತಿತ್ತು. ನಿಂತರೆ ಲೆಕ್ಕ ತೀರುವುದಿಲ್ಲವೆಂಬುದೂ ಇಬ್ಬರಿಗೂ ಗೊತ್ತಿತ್ತು" ಎಂದರು ಮುದುಕರು.

ಬಂಧುಗಳೇ, ಈ ಮಾತು ಕೇಳುವಾಗ ನನಗೆ ನನ್ನ ಚಿಕ್ಕಪ್ಪನ ನೆನಪಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅವರು ಊರಿನಿಂದ ಇಲ್ಲಿಯ ಒಂದು ಹೋಟೆಲಿಗೆ ಬಂದರು. ಅವರು ಬರುವ ಮೊದಲೇ ಅವರ ಹೆಸರಿನಲ್ಲಿ ಮನೆಯವರು ಮುಂಗಡ ಪಡೆದಾಗಿತ್ತು. ಒಲೆಯ ಮುಂದೆ ಕಾಲು ಸುಟ್ಟುಕೊಂಡಾಗಲೂ ಮೂರನೆಯ ದಿನಕ್ಕೆ ಮತ್ತೆ ಅದೇ ಒಲೆಯ ಮುಂದೆ ನಿಂತರು. ನಿಲ್ಲಬಾರದೆಂದು ಅವರಿಗೂ ಗೊತ್ತಿತ್ತು. ಆ ಗಾಯ ಕೊನೆಯ ತನಕ ಮಾಯಲಿಲ್ಲ. ಇಲ್ಲಿ ಕುಳಿತ ಹಿರಿಯರಲ್ಲಿ ಇಂಥ ಕಥೆ ಇಲ್ಲದವರು ವಿರಳ. ಸಾಲ ಶೂಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಿಮಿ ದ್ವೀಪದವರ ಇನ್ನೊಂದು ಕಥೆಯನ್ನು ನೀವು ಬೇರೆ ರೀತಿಯಲ್ಲಿ ಕೇಳಿರಬಹುದು. 1900ರಲ್ಲಿ ದಿಮಿತ್ರಿಯೋಸ್ ಕೊಂಡೋಸ್ ಎಂಬ ನಾಯಕನ ದೋಣಿ ಬಿರುಗಾಳಿಗೆ ಸಿಕ್ಕಿ ಆಂಟಿಕೀಥೆರಾ ಎಂಬ ದ್ವೀಪದ ಮರೆಯಲ್ಲಿ ನಿಂತಿತು. ಅಲ್ಲಿ ಸ್ಪಂಜಿಗೆಂದು ಇಳಿದ ಇಲಿಯಾಸ್ ಸ್ತಾದಿಯಾತಿಸ್ ಎಂಬವನು ಹೆದರಿ ಮೇಲಕ್ಕೆ ಬಂದು, ತಳದಲ್ಲಿ ಮನುಷ್ಯರ ದೇಹಗಳು ಬಿದ್ದಿವೆ ಎಂದನು. ನೋಡಿದರೆ ಅವು ಪ್ರಾಚೀನ ಹಡಗೊಂದರಲ್ಲಿದ್ದ ಕಂಚಿನ, ಅಮೃತಶಿಲೆಯ ಪ್ರತಿಮೆಗಳು. ಆ ಮುಳುಗುಗಾರರೇ ಅವನ್ನು ಮೇಲಕ್ಕೆ ತಂದರು. ಸೂರ್ಯ ಚಂದ್ರರ ಗತಿಯನ್ನೂ ಗ್ರಹಣಗಳನ್ನೂ ಲೆಕ್ಕ ಹಾಕುತ್ತಿದ್ದ ಎರಡು ಸಾವಿರ ವರ್ಷ ಹಳೆಯ ಹಲ್ಲುಚಕ್ರಗಳ ಯಂತ್ರವೂ ಅದರಲ್ಲಿ ಸಿಕ್ಕಿತು. ಇಂದು ಅದು ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿದೆ, ಜಗತ್ತೇ ಬಂದು ನೋಡುತ್ತದೆ. ಆ ಕೆಲಸದಲ್ಲಿ ಒಬ್ಬ ಮುಳುಗುಗಾರ ಸತ್ತನು, ಇಬ್ಬರು ಪಾರ್ಶ್ವವಾಯುವಿಗೆ ತುತ್ತಾದರು. ಪಾಲ್ ಬೇರ್ ಅವರ ಗ್ರಂಥ ಹೊರಬಂದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು.

ಆ ಸಂಜೆ ಪೋಥಿಯಾದಲ್ಲಿ ಒಂದು ಮದುವೆಯ ಕುಣಿತ ಕಂಡೆವು. ಗಂಡಸರು ಭುಜ ಹಿಡಿದು ಸಾಲಾಗಿ ಕುಣಿಯುತ್ತಿದ್ದರು. ಒಂದು ಹಂತದಲ್ಲಿ ಮುಂದಾಳುವಿನ ಕಾಲು ನಡುಗತೊಡಗಿತು. ಕೋಲೂರಿ, ತತ್ತರಿಸಿ, ಬೀಳುವಂತಾಗಿ ಮತ್ತೆ ಎದ್ದನು. ನಾನು ಗಾಬರಿಯಿಂದ ಎದ್ದು ನಿಂತೆ. ಆದರೆ ಅದು ಕುಣಿತವೇ. ಹೆಸರು ಮಿಹಾನಿಕೋಸ್, ಎಂದರೆ ಯಂತ್ರ ತೊಟ್ಟು ಮುಳುಗಿದವನು. ಕಾಲು ಕಳೆದುಕೊಂಡ ಅಜ್ಜಂದಿರನ್ನು ಆ ಊರು ಹೀಗೆ ನೆನಪಿನಲ್ಲಿಟ್ಟುಕೊಂಡಿದೆ. ಸುತ್ತ ಯಾರೂ ನಗಲಿಲ್ಲ.

ಇಷ್ಟೆಲ್ಲ ಕೇಳಿದ ಮರುದಿನವೇ ಮಗಳು ನೀರಿಗಿಳಿಯುವ ದಿನ. ನನ್ನ ಮುಖ ನೋಡಿ, "ಅಪ್ಪಯ್ಯ, ಹೆದರ್ಬೇಡಿ, ಈಗ ಕಾಲ ಬದಲಾಗಿದೆ" ಎಂದಳು. ಬೆಳಿಗ್ಗೆ ದೋಣಿಯವರು ಅವಳ ಸರ್ಟಿಫಿಕೇಟು ನೋಡಿದರು, ಆರೋಗ್ಯದ ಪ್ರಶ್ನೆಪತ್ರ ತುಂಬಿಸಿದರು. ನಾಲ್ವರು ಇಬ್ಬಿಬ್ಬರ ಜೊತೆಯಾಗಿ, ಒಬ್ಬ ಮಾರ್ಗದರ್ಶಿಯೊಡನೆ ಇಳಿದರು. ಮಿತಿ 18 ಮೀಟರು. ಕೈಯಲ್ಲಿ ಗಡಿಯಾರದಂಥ ಒಂದು ಗಣಕಯಂತ್ರ. ಹಾಲ್ಡೇನರ ಕೋಷ್ಟಕದಿಂದ ಬೆಳೆದು ಬಂದ ಲೆಕ್ಕವೇ ಅದರೊಳಗಿದೆ. ದೋಣಿಯ ಮೇಲೆ ಆಮ್ಲಜನಕದ ಸಿಲಿಂಡರು.

ನಾನು ನೀರಿನ ಮೇಲೆ ಏಳುವ ಗುಳ್ಳೆಗಳನ್ನೇ ನೋಡುತ್ತ ಕುಳಿತೆ. ನಲವತ್ತು ನಿಮಿಷದ ಮೇಲೆ ಗುಳ್ಳೆಗಳು ದೋಣಿಯ ಹತ್ತಿರ ಬಂದು ಒಂದೇ ಕಡೆ ನಿಂತವು. ಮೇಲಕ್ಕೆ ಮಾತ್ರ ಯಾರೂ ಬರಲಿಲ್ಲ. ದೋಣಿಯ ಹುಡುಗ ನನ್ನ ಗಾಬರಿ ಕಂಡು ಮೂರು ಬೆರಳು ತೋರಿಸಿದ. ಐದು ಮೀಟರು ಆಳದಲ್ಲಿ ಮೂರು ನಿಮಿಷ ನಿಂತು ಬರುವುದು ಈಗಿನ ರೂಢಿ. ಕೈಗಡಿಯಾರ ಹಿಡಿದು ಎಣಿಸಿದೆ. ಅಷ್ಟು ವರ್ಷ ಎಣಿಸಿದವನಿಗೆ ಆ ಮೂರು ನಿಮಿಷದಷ್ಟು ಉದ್ದದ ಎಣಿಕೆ ಎಂದೂ ಬಂದಿರಲಿಲ್ಲ. ಹಳಬರು ಇಳಿಯುತ್ತಿದ್ದ ಆಳಕ್ಕೆ ಮೂರು ನಿಮಿಷ ಸಾಲದು, ಬಹಳ ಹೊತ್ತು ಬೇಕಿತ್ತು. ಆದರೆ ನಿಲ್ಲುವ ಹಕ್ಕು ಎಂಬುದು ಒಂದೇ. ಮಗಳಿಗೆ ಯಾರ ಮುಂಗಡವೂ ಇರಲಿಲ್ಲ, ಆದುದರಿಂದ ಅವಳು ನಿಂತಳು. ಮೇಲೆ ಬಂದವಳು ನಗುತ್ತ, ಹುಲ್ಲುಗಾವಲಿನಂಥ ಕಡಲ ಹುಲ್ಲು, ಬಂಡೆಯ ಬಿರುಕಿನಲ್ಲಿ ಅವಿತ ಆಕ್ಟೋಪಸ್ ಇವನ್ನೆಲ್ಲ ವರ್ಣಿಸಿದಳು. ನನಗೆ ಅವಳ ಕಾಲು ನೆಟ್ಟಗೆ ನಿಂತದ್ದೇ ಸಾಕಾಗಿತ್ತು.

ಇನ್ನು ಊಟದ ವಿಷಯ. ಇಲ್ಲಿಯ ಯುವಕರು ಮೊದಲು ಕೇಳಿದ್ದೇ ಅದನ್ನು. ದ್ವೀಪದ ಅಡಿಗೆಯಲ್ಲೂ ದೂರ ಹೋಗುವವರ ಬುತ್ತಿಯ ಗುರುತಿದೆ. ಬಾರ್ಲಿಯ ರೊಟ್ಟಿಯನ್ನು ಎರಡು ಸಲ ಬೇಯಿಸಿ ಕಲ್ಲಿನಂತೆ ಒಣಗಿಸುತ್ತಾರೆ, ನಮ್ಮ ರಸ್ಕಿನ ಅಣ್ಣ. ತಿಂಗಳುಗಟ್ಟಲೆ ಕೆಡದು. ಅದನ್ನು ನೀರಿನಲ್ಲಿ ನೆನೆಸಿ, ಟೊಮೆಟೊ, ನೀರುಳ್ಳಿ, ಚೀಸು, ಆಲಿವ್ ಎಣ್ಣೆ ಸೇರಿಸಿದರೆ ಮಿರ್ಮಿಝೆಲಿ. ಬಿಸಿಲಿಗೆ ಇದಕ್ಕಿಂತ ಹಿತವಾದ ಊಟ ನಾನು ಕಾಣೆ. ಸಮುದ್ರದ ನೀರಿನಲ್ಲೇ ಬಾಟಲಿಯಲ್ಲಿ ತುಂಬಿಟ್ಟ ಒಂದು ಕಡಲ ಜೀವಿಯ ತಿನಿಸು ಸ್ಪಿನಿಯಾಲೋ. ದೋಣಿಯವರ ಉಪ್ಪಿನಕಾಯಿ ಎನ್ನಿ. ಅಯೋಡಿನಿನ ರುಚಿ ನನ್ನ ನಾಲಿಗೆಗೆ ಒಗ್ಗಲಿಲ್ಲ. ಆಕ್ಟೋಪಸ್‌ಗಳನ್ನು ಹಗ್ಗದ ಮೇಲೆ ಬಟ್ಟೆ ಹರವಿದಂತೆ ಒಣಹಾಕುತ್ತಾರೆ. ಕಂಡಾಗ ನಮ್ಮೂರಿನ ಒಣಮೀನಿನ ಅಂಗಳ ನೆನಪಾಯಿತು. ಕೆಂಡದ ಮೇಲೆ ಸುಟ್ಟು ನಿಂಬೆ ಹಿಂಡಿದರೆ ಬಹಳ ಚೆನ್ನ. ಈಸ್ಟರಿಗೆ ಕುರಿಮರಿಯ ಹೊಟ್ಟೆಗೆ ಅಕ್ಕಿ ತುಂಬಿ ಮಣ್ಣಿನ ಪಾತ್ರೆಯಲ್ಲಿ ರಾತ್ರಿಯಿಡೀ ಬೇಯಿಸುವ ಮುಊರಿ ಎಂಬ ಅಡಿಗೆ ಮಾಡುತ್ತಾರಂತೆ. ಆರು ತಿಂಗಳ ಅಗಲಿಕೆಗೆ ಮೊದಲಿನ ಹಬ್ಬದೂಟ ಅದು. ಬೆಟ್ಟದ ಥೈಮ್ ಗಿಡದ ಜೇನು ಬಲು ಪರಿಮಳದ್ದು.

ಶಾಕಾಹಾರಿಗಳು ಚಿಂತಿಸಬೇಕಾಗಿಲ್ಲ. ಬೇಯಿಸಿ ಎಣ್ಣೆ ನಿಂಬೆ ಹಾಕಿದ ಕಾಡುಸೊಪ್ಪಿಗೆ ಹೋರ್ತಾ ಎನ್ನುತ್ತಾರೆ. ಹಳದಿ ಬೇಳೆಯನ್ನು ಅರೆದಂತೆ ಬೇಯಿಸಿದ್ದು ಫಾವಾ, ಒಗ್ಗರಣೆಯಿಲ್ಲದ ತೊವ್ವೆ. ಒಂದು ಎಚ್ಚರಿಕೆ ಮಾತ್ರ. ಉಪವಾಸದ ಊಟ ಕೊಡಿ ಎಂದು ಕೇಳಬೇಡಿ. ಅವರ ಉಪವಾಸದಲ್ಲಿ ಮಾಂಸ, ಹಾಲು ನಿಷಿದ್ಧವಾದರೂ ಆಕ್ಟೋಪಸ್‌ಗೆ ಅಡ್ಡಿಯಿಲ್ಲ. ನಮ್ಮ ಜೊತೆಗಿದ್ದ ಒಬ್ಬರು ಗುಜರಾತಿ ಮಹನೀಯರು ಇದನ್ನು ತಟ್ಟೆ ಬಂದ ಮೇಲೆ ಕಲಿತರು.

ಈಗ ಆ ದ್ವೀಪ ಹೇಗಿದೆ? ಕಾರ್ಖಾನೆಯ ಸ್ಪಂಜು ಬಂದು ಬೆಲೆ ಇಳಿಯಿತು. 1986ರಿಂದ ಸ್ಪಂಜಿಗೆ ರೋಗ ತಗಲಿ ಮೆಡಿಟರೇನಿಯನ್‌ನ ಬಹುಭಾಗದಲ್ಲಿ ಬೆಳೆ ನಾಶವಾಯಿತು. ಅದಕ್ಕೂ ಬಹಳ ಮೊದಲೇ ಜನ ಹೊರಟಿದ್ದರು. 1905ರಿಂದ ಈ ದ್ವೀಪಗಳ ಮುಳುಗುಗಾರರು ಅಮೆರಿಕದ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಊರಿಗೆ ಹೋಗಿ ನೆಲೆಸಿದರು. ಎರಡನೆಯ ಯುದ್ಧದ ಅನಂತರ ಆಸ್ಟ್ರೇಲಿಯಾದ ಡಾರ್ವಿನ್ನಿಗೆ ಹೋದರು. ಅಲ್ಲಿ ಅವರದೂ ಸಂಘಗಳಿವೆ, ತಮ್ಮ ಹಬ್ಬ, ತಮ್ಮ ಕುಣಿತ. ನಾವು ಇಲ್ಲಿ ಯುಗಾದಿ, ರಾಜ್ಯೋತ್ಸವ ಮಾಡಿದಂತೆಯೇ. 1990ರ ದಶಕದ ಕೊನೆಯಲ್ಲಿ ಮಾತ್ರ ಒಂದು ತಿರುವು ಬಂತು. ಇಟಲಿಯ ಬಂಡೆ ಹತ್ತುವವನೊಬ್ಬ ಈ ಬೋಳು ಬೆಟ್ಟಗಳನ್ನು ನೋಡಿ ಮರುಳಾದ. ಇಂದು ಜಗತ್ತಿನ ಎಲ್ಲೆಡೆಯಿಂದ ಹತ್ತುವವರು ಬರುತ್ತಾರೆ. ಅನ್ನ ಕೊಡದಿದ್ದ ಬಂಡೆ ಕೊನೆಗೂ ಅನ್ನ ಕೊಟ್ಟಿತು.

ನಿಮ್ಮಲ್ಲಿ ಯಾರಾದರೂ ಮುಂದೆ ಹೋಗುವ ಯೋಗ ಬಂದರೆ ನಾಲ್ಕು ಮಾತು. ಮೇ, ಜೂನ್ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ. ಆಗಸ್ಟಿನಲ್ಲಿ ಬಿಸಿಲೂ ಜನವೂ ಹೆಚ್ಚು. ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ ಒಂದು ಇಡೀ ದಿನ ಬಿಡಿ. ಆಕಾಶದಲ್ಲಿ ಒತ್ತಡ ಕಡಿಮೆಯಾದಾಗಲೂ ಅದೇ ಗುಳ್ಳೆಯ ಭಯ. ಸಮುದ್ರದ ತಳದಲ್ಲಿ ಕಂಡ ಒಡೆದ ಮಡಕೆಯ ಚೂರನ್ನೂ ಎತ್ತಬೇಡಿ. ಪ್ರಾಚೀನ ವಸ್ತುಗಳ ವಿಷಯದಲ್ಲಿ ಗ್ರೀಸಿನ ಕಾನೂನು ಬಹಳ ಬಿಗಿ. ಸ್ಪಂಜು ಕೊಂಡರೆ ಹಾಲಿನಂತೆ ಬಿಳಿ ಮಾಡಿದ್ದನ್ನು ಬಿಟ್ಟು ಕಂದು ಬಣ್ಣದ್ದನ್ನು ಕೊಳ್ಳಿ, ಹೆಚ್ಚು ಬಾಳುತ್ತದೆ. ಅಷ್ಟು ದೂರ ಬೇಡವೆನ್ನುವವರಿಗೆ ನಮ್ಮ ನೇತ್ರಾಣಿಯೇ ಇದೆ. ಅಲ್ಲಿಯೂ ನಿಯಮ ಇದೇ: ಅವಸರ ಪಡಿಸುವವನ ದೋಣಿ ಹತ್ತಬೇಡಿ.

ಕೊನೆಯ ಮಾತು. ಪಾಲ್ ಬೇರ್ ಅವರ ಗ್ರಂಥ ಫ್ರೆಂಚ್ ಭಾಷೆಯಲ್ಲಿತ್ತು, ಹಾಲ್ಡೇನರ ಕೋಷ್ಟಕ ಇಂಗ್ಲಿಷಿನಲ್ಲಿ. ಕಾಲಿಮ್ನೋಸ್‌ನ ಮುಳುಗುಗಾರ ಓದಬಹುದಾದ ಭಾಷೆಯಲ್ಲಿ, ಅವನು ಸಂಜೆ ಬಂದು ಕುಳಿತುಕೊಳ್ಳಬಹುದಾದ ಕೋಣೆಯಲ್ಲಿ, ಆ ತಿಳಿವಳಿಕೆ ಬೇಗ ತಲುಪಲಿಲ್ಲ. ತಲುಪಿದಾಗಲೂ ಮುಂಗಡದ ಹಗ್ಗ ಅವನ ಸೊಂಟದಲ್ಲಿತ್ತು. ಎರಡೂ ಬೇಕು, ಬಂಧುಗಳೇ. ನಮ್ಮ ಕೆಲಸದ ಅಪಾಯವೇನು, ನಮ್ಮ ಹಕ್ಕೇನು ಎಂಬುದನ್ನು ನಮ್ಮ ಭಾಷೆಯಲ್ಲಿ ಓದಿ ತಿಳಿಯುವ ಕೋಣೆಯೂ ಬೇಕು, ತಿಳಿದ ಮೇಲೆ "ಸ್ವಲ್ಪ ನಿಲ್ಲುತ್ತೇನೆ" ಎನ್ನುವಷ್ಟು ಕೈಯಲ್ಲಿ ಕಾಸೂ ಬೇಕು. ಮೊದಲನೆಯದಕ್ಕೆ ಈ ವಾಚನಾಲಯವಿದೆ. ಎರಡನೆಯದಕ್ಕೆ ನಾವು ನಾವೇ ಸೇರಿ ತಿಂಗಳಿಗೆ ಅಷ್ಟಿಷ್ಟು ಕೂಡಿಡುವ ಒಂದು ಪದ್ಧತಿ ಹಾಕಿಕೊಳ್ಳಬಾರದೇಕೆ ಎಂದು ಈ ಸಭೆಯ ಮುಂದಿಡುತ್ತೇನೆ. ಹೊಸದಾಗಿ ಊರಿನಿಂದ ಬಂದ ಹುಡುಗನಿಗೆ ಕಾಯಿಲೆಯಾದರೆ ಮುಂಗಡಕ್ಕೆ ಕೈಯೊಡ್ಡುವ ಮೊದಲು ಅವನು ಇಲ್ಲಿಗೆ ಬರುವಂತಾಗಲಿ. ಲೆಕ್ಕ ಬರೆಯುವ ಕೆಲಸ ನಾನು ಮಾಡುತ್ತೇನೆ. ಎಣಿಸುವುದೊಂದು ನನಗೆ ಬರುತ್ತದೆ.

ಹೊರಡುವ ದಿನ ಆ ಮುದುಕರು ಹಣ ತೆಗೆದುಕೊಳ್ಳದೆ ಒಂದು ಪುಟ್ಟ ಸ್ಪಂಜು ಕೊಟ್ಟರು. ಇದೋ, ಈ ಬಟ್ಟಲಿನಲ್ಲಿದೆ. ಇದನ್ನು ಸಂಘದ ಕಚೇರಿಗೆ ಕೊಡುತ್ತಿದ್ದೇನೆ. ಪುಸ್ತಕದ ಪುಟ ತಿರುವಲು ಇದರಿಂದ ಬೆರಳು ಒದ್ದೆ ಮಾಡಬೇಡಿ, ಗ್ರಂಥಪಾಲಕರು ಬಯ್ಯುತ್ತಾರೆ. ಚಂದಾ ಹಣ ಎಣಿಸುವಾಗ ಉಪಯೋಗವಾಗಲಿ.